ಅಪರಿಚಿತ ಕಡತಗಳು ಮತ್ತು ಒಂದು ದ್ರಾಕ್ಷಿ ಬಳ್ಳಿ

ನಮ್ಮ ಮನೆಯ ಕಂಪ್ಯೂಟರಿನ ಬಲಗಡೆಯ ಕೆಳಮೂಲೆಯಲ್ಲಿ ದಿನವೂ ಬೆಳಿಗ್ಗೆ ಒಂದು ಸಣ್ಣ ಹಳದಿ ಚೌಕ ಮೂಡುತ್ತಿತ್ತು. ‘ನಿಮ್ಮ ರಕ್ಷಣೆ ಇನ್ನು ಹನ್ನೆರಡು ದಿನಗಳಲ್ಲಿ ಕೊನೆಗೊಳ್ಳಲಿದೆ’ ಎಂದು ಅದು ತಿಳಿಸುತ್ತಿತ್ತು. ಮರುದಿನ ಹನ್ನೊಂದು, ಅದರ ಮರುದಿನ ಹತ್ತು. ಗಂಡಾಂತರವನ್ನು ಇಷ್ಟು ನಿಖರವಾಗಿ ಮುಂತಿಳಿಸುವ ಜ್ಯೋತಿಷಿ ನಮ್ಮ ಜೀವನ್ ಬಿಮಾ ನಗರದಲ್ಲಿ ನನಗೆ ತಿಳಿದಂತೆ ಯಾರೂ ಇಲ್ಲ. ಪರಿಹಾರವನ್ನೂ ತಾನೇ ಮಾರುವ ವಿಷಯದಲ್ಲಿ ಮಾತ್ರ ಇಬ್ಬರಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಬೇರೆಯವರಾಗಿದ್ದರೆ ಆ ಚೌಕವನ್ನು ಒತ್ತಿ, ಕಾಫಿ ಕುಡಿಯಲು ಎದ್ದು ಹೋಗುತ್ತಿದ್ದರು. ನನ್ನ ಸ್ವಭಾವ ಹಾಗಲ್ಲ. ಕೊರಿಯರ್ ಡಬ್ಬದ ಮೇಲಿನ ವಿಳಾಸವನ್ನು ಚೂರುಚೂರು ಮಾಡದೆ ನಾನು ಕಸಕ್ಕೆ ಹಾಕುವವಳಲ್ಲ. ಮೆಟ್ರೋದಲ್ಲಿ ಫೋನನ್ನು ಅಂಗಾತ ಹಿಡಿಯುವವಳಲ್ಲ. ‘ಇವಳ ಬರ್ತ್‌ಡೇ ಯಾವತ್ತು ಅಂತ ಗೊತ್ತಾಗ್ಬೇಕಾದ್ರೆ ಆಧಾರ್ ಕಾರ್ಡೇ ಕದೀಬೇಕು ಗುರು’ ಎಂದು ಆಫೀಸಿನ ಗೆಳತಿಯರು ಆಡಿಕೊಳ್ಳುತ್ತಾರೆ. ಇಂಥವಳು ಒಂದು ಆಂಟಿವೈರಸ್ ಆರಿಸುವುದೆಂದರೆ ಸಾಮಾನ್ಯ ಸಂಗತಿಯೇ? ಐದು ಹೆಸರು, ಹದಿನಾಲ್ಕು ಕಾಲಂಗಳ ಒಂದು ಪಟ್ಟಿ ತಯಾರಿಸಿದೆ. ವೇಗವೆಷ್ಟು, ಹೊರೆ ಎಷ್ಟು, ಗುಪ್ತಪದಗಳನ್ನು ಕಾಯುತ್ತದೆಯೇ, ಕಾಯುವ ನೆಪದಲ್ಲಿ ತಾನೇ ಇಣುಕುತ್ತದೆಯೇ ಎಂದು ಒಂದೊಂದಾಗಿ ತುಂಬಿಸಿದೆ. ಅಮ್ಮ ನನಗೆಂದು ತರುವ ಗಂಡುಗಳ ಬಗ್ಗೆ ಎರಡೇ ಕಾಲಂ ಇರುತ್ತವೆ, ಒಳ್ಳೆಯ ಮನೆತನ ಮತ್ತು ಕಾಫಿ ಕುಡಿಯುತ್ತಾನೆ. ನನ್ನ ಪಟ್ಟಿಯನ್ನು ಬಗ್ಗಿ ನೋಡಿದ ಅವಳು, ‘ಇಷ್ಟು ವಿಚಾರಿಸಿದ್ರೆ ಯಾವ ಸಂಬಂಧಾನೂ ಕುದುರಲ್ಲ ಕಣೇ’ ಎಂದಳು.

ಇಲ್ಲಿ ಅಮ್ಮನನ್ನು ಪರಿಚಯಿಸಬೇಕು, ಏಕೆಂದರೆ ಕಂಪ್ಯೂಟರ್ ಹೆಸರಿಗೆ ನನ್ನದು, ಬಳಕೆಗೆ ಅವಳದು. ಮನೆಯಲ್ಲಿರುವುದು ನಾವಿಬ್ಬರೇ. ಮುಂದಿನ ಕೋಣೆಯಲ್ಲಿ ಅಮ್ಮನ ಕಸೂತಿ ಯಂತ್ರವಿದೆ. ಬ್ಲೌಸುಗಳ ಬೆನ್ನು, ತೋಳುಗಳ ಮೇಲೆ ಅದು ತಾನಾಗಿ ಹೂ, ನವಿಲು ಹೊಲಿಯುತ್ತದೆ. ಆದರೆ ಆ ಹೂವನ್ನು ಮೊದಲು ಯಾರಾದರೂ ಕಂಪ್ಯೂಟರಿನಲ್ಲಿ ಒಂದೊಂದೇ ಹೊಲಿಗೆಯಾಗಿ ಬಿಡಿಸಿಕೊಡಬೇಕು. ಕಸುಬಿನವರು ಇದಕ್ಕೆ ಪಂಚಿಂಗ್ ಎನ್ನುತ್ತಾರೆ. ಬಿಡಿಸಿದ್ದನ್ನು ಪೆನ್‌ಡ್ರೈವಿಗೆ ಹಾಕಿ ಯಂತ್ರಕ್ಕೆ ಚುಚ್ಚಿದರೆ ಅದು ಹೊಲಿಯುತ್ತದೆ, ಕಿತ್ತರೆ ಎಲ್ಲ ಮರೆಯುತ್ತದೆ. ಅಮ್ಮನಿಗೆ ಈ ವಿದ್ಯೆ ಕಲಿಸಿದವರು ಶಿವಾಜಿನಗರದ ನಸೀಮಾ ಆಂಟಿ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಮಹಡಿಯ ಮೇಲೆ, ಅವರದು ನಾಲ್ಕು ಯಂತ್ರಗಳ ಅಂಗಡಿ. ಹೊಸ ಡಿಸೈನು ಯಾವುದೇ ಇರಲಿ, ಅದರ ಮೊದಲ ಸ್ಯಾಂಪಲ್ ನಸೀಮಾ ಆಂಟಿಯ ಯಂತ್ರದಲ್ಲೇ ಆಗಬೇಕೆಂಬುದು ಅಮ್ಮನ ನಿಯಮ. ಅವರ ಕೈಗುಣ ಅಂಥದ್ದಂತೆ. ಹೀಗಾಗಿ ಅಮ್ಮನ ಬೀಗದ ಕೈ ಗೊಂಚಲಿನಲ್ಲಿ ತೂಗುವ ಪೆನ್‌ಡ್ರೈವ್ ತಿಂಗಳಿಗೆ ನಾಲ್ಕು ಸಲ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗುತ್ತಿತ್ತು, ಅಲ್ಲಿ ಸಿಕ್ಕವರ ಕಂಪ್ಯೂಟರುಗಳಿಗೆಲ್ಲ ಕೈಕುಲುಕಿ ಬರುತ್ತಿತ್ತು. ನನ್ನ ಪಟ್ಟಿಯ ಹದಿನಾಲ್ಕು ಕಾಲಂಗಳೂ ಈ ದೃಶ್ಯವನ್ನು ನೆನೆದು ನಡುಗುತ್ತಿದ್ದವು.

ಆ ದಿನಗಳಲ್ಲಿ ಅಮ್ಮ ಒಂದು ದ್ರಾಕ್ಷಿ ಬಳ್ಳಿಯಲ್ಲಿ ಮುಳುಗಿದ್ದಳು. ನಮ್ಮ ಬೀದಿಯ ಕೊನೆಯ ಮನೆ ಮುನಿಲಕ್ಷ್ಮಮ್ಮನವರದು. ಅವರ ಗಂಡನ ಮನೆಯವರಿಗೆ ಕೆ.ಆರ್. ಪುರದ ಆಚೆ ಒಂದು ಕಾಲದಲ್ಲಿ ದ್ರಾಕ್ಷಿ ತೋಟವಿತ್ತು. ಈಗ ಅಲ್ಲಿ ಇಪ್ಪತ್ತು ಅಂತಸ್ತಿನ ಫ್ಲ್ಯಾಟುಗಳಿವೆ, ಗೇಟಿನ ಮೇಲೆ ಮಾತ್ರ ದ್ರಾಕ್ಷಿಯ ಹೆಸರು ಇಂಗ್ಲಿಷಿನಲ್ಲಿದೆ. ಮಗಳು ಪವಿತ್ರಾಳ ಧಾರೆಯ ಬ್ಲೌಸಿನ ತೋಳಿನ ಮೇಲೆ ಆ ಚಪ್ಪರದ ಬಳ್ಳಿಯೇ ಬೇಕೆಂದು ಅವರ ಆಸೆ. ಒಂದು ಫೋಟೋ ಕೂಡ ಉಳಿದಿರಲಿಲ್ಲ. ಅವರು ನಮ್ಮ ಸೋಫಾದ ಮೇಲೆ ಕುಳಿತು, ಗಾಳಿಯಲ್ಲಿ ಬೆರಳು ಸುತ್ತುತ್ತಾ, ‘ಹಿಂಗೆ ಸುತ್ಕೊಂಡಿರ್ತಿತ್ತು ಅಕ್ಕಾ, ಎಲೆ ಇಷ್ಟಗಲ, ಗೊಂಚಲು ಸ್ವಲ್ಪ ವಾರೆ’ ಎನ್ನುತ್ತಿದ್ದರು. ಅಮ್ಮ ಬಿಡಿಸುತ್ತಿದ್ದಳು, ಅಳಿಸುತ್ತಿದ್ದಳು, ಮತ್ತೆ ಬಿಡಿಸುತ್ತಿದ್ದಳು. ಮೂರು ವಾರ ಹೀಗೆ ನಡೆಯಿತು. ಮದುವೆ ಬರುವ ಭಾನುವಾರವಿತ್ತು.

ಇತ್ತ ನನ್ನ ಆಯ್ಕೆ ಮದುವೆಯ ಹಿಂದಿನ ವಾರದ ಶನಿವಾರ ಹಲಸೂರಿನ ಒಂದು ಕಂಪ್ಯೂಟರ್ ಅಂಗಡಿಯವರೆಗೆ ಬಂದು ನಿಂತಿತ್ತು. ಮಾಲೀಕರಾದ ಸೆಲ್ವಂ ಅವರು ನನ್ನ ಪಟ್ಟಿಯನ್ನು ಗೌರವದಿಂದ ಎರಡು ಸಲ ಓದಿ, ಮಡಚಿ ವಾಪಸು ಕೊಟ್ಟು, ‘ಯಾವ್ದಾದ್ರೂ ಹಾಕಿ ಮೇಡಂ, ಎಲ್ಲಾ ಒಂದೇ’ ಎಂದರು. ನಿಮ್ಮ ಕಂಪ್ಯೂಟರಿಗೆ ಯಾವುದು ಹಾಕಿದ್ದೀರಿ ಎಂದು ಕೇಳಿದೆ. ‘ಇದಕ್ಕಾ? ಇದಕ್ಕೆ ನೆಟ್ ಕನೆಕ್ಷನ್ನೇ ಕೊಟ್ಟಿಲ್ಲ ಮೇಡಂ’ ಎಂದು ನಕ್ಕರು. ಆ ಉತ್ತರ ನನ್ನ ಮನಸ್ಸನ್ನು ಎಷ್ಟು ಸೂರೆಗೊಂಡಿತೆಂದರೆ, ಐದರಲ್ಲಿ ಅತ್ಯಂತ ಕಟ್ಟುನಿಟ್ಟಾದುದನ್ನೇ ಕೊಂಡು ಮನೆಗೆ ಬಂದೆ. ಅಂದೇ ಅಮ್ಮನಿಗೆ, ಇನ್ನು ಮೇಲೆ ಪೆನ್‌ಡ್ರೈವ್ ಮನೆ ಬಿಟ್ಟು ಹೋಗಕೂಡದೆಂದು ಆಜ್ಞೆ ಹೊರಡಿಸಿದೆ. ‘ಆಯ್ತಮ್ಮಾ’ ಎಂದಳು. ನಮ್ಮ ಮನೆಯಲ್ಲಿ ‘ಆಯ್ತು’ ಎಂದರೆ ಒಪ್ಪಿಗೆ; ‘ಆಯ್ತಮ್ಮಾ’ ಎಂದರೆ ಈ ಮಾತು ಇಲ್ಲಿಗೆ ಸಾಕು ಎಂದಷ್ಟೇ ಅರ್ಥ. ವಿಜಯದ ಉತ್ಸಾಹದಲ್ಲಿ ನಾನು ಆ ವ್ಯತ್ಯಾಸವನ್ನು ಗಮನಿಸಲಿಲ್ಲ.

ಬುಧವಾರ ಬೆಳಿಗ್ಗೆ ಆಫೀಸಿಗೆ ರಜೆ ಹಾಕಿ, ಹೊಸ ಕಾವಲುಗಾರನಿಂದ ಮನೆ ಶೋಧ ಮಾಡಿಸಿದೆ. ಕಂಪ್ಯೂಟರನ್ನೂ ಪೆನ್‌ಡ್ರೈವನ್ನೂ ಜಾಲಾಡಿ ಅದು ಒಂದು ಪಟ್ಟಿ ಕೊಟ್ಟಿತು: ‘ಅಪರಿಚಿತ ಕಡತಗಳು’. ಹೆಸರುಗಳ ಜಾಗದಲ್ಲಿ ಬರೀ ಅಂಕಿಗಳು, ಕೊನೆಯಲ್ಲಿ ನಾನೆಂದೂ ಕಾಣದ ಮೂರಕ್ಷರದ ಬಾಲ. ಒತ್ತಿದರೆ ತೆರೆಯುತ್ತಲೂ ಇರಲಿಲ್ಲ. ಉಳಿಸಬೇಕೇ, ಶಾಶ್ವತವಾಗಿ ಅಳಿಸಬೇಕೇ ಎಂದು ಕೇಳಿತು. ಅಪರಿಚಿತರ ವಿಷಯದಲ್ಲಿ ನನ್ನ ನಿಲುವು ಬಾಲ್ಯದಿಂದಲೂ ಸ್ಪಷ್ಟ. ಎಲ್ಲವನ್ನೂ ಆರಿಸಿ, ಒಂದೇ ಏಟಿಗೆ ಅಳಿಸಿದೆ. ಪರದೆಯ ಮೇಲೆ ಹಸಿರು ಗುರುತು ಮೂಡಿ, ‘ನೀವೀಗ ಸುರಕ್ಷಿತರು’ ಎಂದಿತು. ಆ ಮಧ್ಯಾಹ್ನ ಬಹಳ ನೆಮ್ಮದಿಯಾಗಿ ನಿದ್ದೆ ಮಾಡಿದೆನೆಂಬುದನ್ನು ನಾಚಿಕೆಯಿಂದಲೇ ದಾಖಲಿಸುತ್ತೇನೆ.

ಗುರುವಾರ ಬೆಳಿಗ್ಗೆ ಅಮ್ಮ ರೇಷ್ಮೆ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ನೇರಳೆ ದಾರ ಪೋಣಿಸಿ, ಪೆನ್‌ಡ್ರೈವ್ ಚುಚ್ಚಿದಳು. ಯಂತ್ರ ಸುಮ್ಮನಿತ್ತು. ಕಂಪ್ಯೂಟರಿನ ಮುಂದೆ ಬಂದು ಕುಳಿತಳು, ಎದ್ದಳು, ಮತ್ತೆ ಕುಳಿತಳು.

‘ಪುಟ್ಟೀ, ನನ್ನ ದ್ರಾಕ್ಷಿ ಎಲ್ಲೇ?’

ಯಂತ್ರಕ್ಕೆ ಉದ್ದ ಹೆಸರು ಹಿಡಿಸುವುದಿಲ್ಲವೆಂದು ಅಮ್ಮ ಡಿಸೈನುಗಳಿಗೆಲ್ಲ ಅಂಕಿಯನ್ನೇ ಹೆಸರಾಗಿ ಇಡುತ್ತಾಳೆಂದು ನನಗೆ ತಿಳಿದದ್ದು ಆಗ. ಆ ವಿಚಿತ್ರ ಬಾಲ ಕಸೂತಿ ಯಂತ್ರದ ಭಾಷೆಯಂತೆ. ಆರು ವರ್ಷಗಳಿಂದ ಒಂದೇ ಕಂಪ್ಯೂಟರಿನಲ್ಲಿ, ನನ್ನ ಕಡತಗಳ ಪಕ್ಕದಲ್ಲೇ ವಾಸವಾಗಿದ್ದ ಅಮ್ಮನ ಕೆಲಸದ ಮುಖಪರಿಚಯವೇ ನನಗಿರಲಿಲ್ಲ. ಎದುರಾದಾಗ ಯಾರೋ ಎಂದು ಹೊರಗೆ ಅಟ್ಟಿದ್ದೆ. ಅಳಿಸಿದ್ದನ್ನು ಅಮ್ಮನಿಗೆ ಹೇಳಿದೆ. ಹೇಳುವಾಗ ನನ್ನ ಧ್ವನಿ ನನಗೇ ಅಪರಿಚಿತವಾಗಿತ್ತು. ಅಷ್ಟರಲ್ಲಿ ಮುನಿಲಕ್ಷ್ಮಮ್ಮನವರೂ ಬಾಗಿಲಲ್ಲಿ ನಿಂತು, ‘ಆಯ್ತಾ ಅಕ್ಕಾ? ಒಂದು ಸಲ ನೋಡ್ಕೊಂಡು ಹೋಗ್ತೀನಿ’ ಎಂದರು. ಅಮ್ಮ ನನ್ನತ್ತ ನೋಡದೆ, ‘ದಾರ ಮುಗಿದೋಯ್ತು ಮುನಿಲಕ್ಷ್ಮಮ್ಮ, ತರೋಕೆ ಹೊರಟಿದ್ದೆ. ಸಾಯಂಕಾಲ ಬನ್ನಿ’ ಎಂದು ಕಳಿಸಿ, ಬಾಗಿಲು ಹಾಕಿಕೊಂಡು, ಚಪ್ಪಲಿ ಮೆಟ್ಟಿದಳು.

‘ನಡಿ, ಶಿವಾಜಿನಗರಕ್ಕೆ.’

‘ಈಗ ಅಲ್ಲಿಗೆ ಯಾಕಮ್ಮಾ?’

‘ಸೋಮವಾರ ನೀನು ಆಫೀಸಿಗೆ ಹೋದ್ಮೇಲೆ ಸ್ಯಾಂಪಲ್ ಹೊಲಿಸ್ಕೊಂಡು ಬಂದೆ. ಬೈತೀಯಾ ಅಂತ ಹೇಳ್ಲಿಲ್ಲ.’

ನನ್ನ ಆಜ್ಞೆಯನ್ನು ಯಾರಾದರೂ ಮುರಿದದ್ದಕ್ಕೆ ನಾನು ಅಷ್ಟು ಕೃತಜ್ಞಳಾದದ್ದು ಅದೇ ಮೊದಲು. ಆದರೂ ಆಟೋದಲ್ಲಿ ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಕಾಡುತ್ತಿತ್ತು. ಸ್ಯಾಂಪಲ್ ಹೊಲಿದ ಮೇಲೆ ಅವರು ಡಿಸೈನನ್ನು ತಮ್ಮ ಕಂಪ್ಯೂಟರಿನಲ್ಲಿ ಉಳಿಸಿಕೊಂಡಿರುತ್ತಾರೆಂದು ಏನು ಖಾತ್ರಿ?

ನಸೀಮಾ ಆಂಟಿಯ ಕಂಪ್ಯೂಟರಿನಲ್ಲಿ ಅವಧಿ ಮುಗಿದ ಮೂರು ಆಂಟಿವೈರಸ್‌ಗಳು ಏಕಕಾಲಕ್ಕೆ ಎಚ್ಚರಿಕೆ ಕೂಗುತ್ತಿದ್ದವು. ಅವರು ಅವನ್ನು ನೊಣ ಓಡಿಸುವಂತೆ ಮೂಲೆಗೆ ಸರಿಸಿ ನಮ್ಮತ್ತ ತಿರುಗಿದರು.

‘ಅರೇ ಅಕ್ಕಾ, ಮಗಳನ್ನೂ ಕರ್ಕೊಂಡು ಬಂದ್ಬಿಟ್ಟಿದೀರ! ಇವಳ ಮದುವೆ ಬ್ಲೌಸಾ?’

‘ಅದಕ್ಕಿನ್ನೂ ಹದಿನಾಲ್ಕು ಕಾಲಂ ತುಂಬಬೇಕು ಬಿಡಿ’ ಎಂದಳು ಅಮ್ಮ. ‘ದ್ರಾಕ್ಷಿ ಹೋಗ್ಬಿಡ್ತು ನಸೀಮಾ. ಇವಳು ಅಳಿಸ್ಬಿಟ್ಲು.’

ನಸೀಮಾ ಆಂಟಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಯಾ ಅಲ್ಲಾ! ಅಷ್ಟು ಅಂಗೂರ್ ಒಬ್ಬಳೇ ತಿಂದ್ಬಿಟ್ಯಾ ಬೇಟಾ?’

ಬಳ್ಳಿ ಅಲ್ಲಿತ್ತು. ಬಳ್ಳಿಯಷ್ಟೇ ಅಲ್ಲ, ಆರು ವರ್ಷಗಳಲ್ಲಿ ಅಮ್ಮ ಬಿಡಿಸಿದ ಎಲ್ಲ ಹೂ, ನವಿಲುಗಳೂ ಅವಳ ಹೆಸರಿನ ಒಂದು ಫೋಲ್ಡರಿನಲ್ಲಿ ಬೆಚ್ಚಗಿದ್ದವು. ‘ಯಾರ ಡಿಸೈನೂ ನಾನು ಅಳಿಸಲ್ಲ. ಅಕ್ಕನ ಡಿಸೈನು ಅಕ್ಕನ್ನ ಕೇಳ್ದೆ ಇನ್ನೊಬ್ರಿಗೆ ಹೊಲಿಯೋದೂ ಇಲ್ಲ’ ಎಂದರು, ಅದೇನೂ ಹೇಳಬೇಕಾದ ಸಂಗತಿಯಲ್ಲ ಎಂಬಂತೆ. ಕಾಯುವುದೆಂದರೆ ಬಾಗಿಲು ಹಾಕುವುದು ಎಂದಷ್ಟೇ ತಿಳಿದಿದ್ದ ನನ್ನ ಪಟ್ಟಿಯಲ್ಲಿ, ಇನ್ನೊಬ್ಬರ ಮನೆಯಲ್ಲೂ ಒಂದು ಪ್ರತಿ ಇರಲಿ ಎಂಬ ಹದಿನೈದನೆಯ ಕಾಲಂ ಇರಲೇ ಇಲ್ಲ.

ಮನೆಗೆ ಬಂದು ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿದೊಡನೆ ನಮ್ಮ ಕಾವಲುಗಾರ ಕೆಂಪಾಗಿ ಕಿರುಚಿಕೊಂಡ. ನನ್ನ ಕೈ ಅಭ್ಯಾಸಬಲದಿಂದ ಮೌಸಿನತ್ತ ಹೋಯಿತು. ಅಮ್ಮ ಮಣಿಕಟ್ಟು ಹಿಡಿದಳು. ‘ಏಯ್, ಮುಟ್ಬೇಡ. ಮೊದ್ಲು ಓದು.’ ಇಬ್ಬರೂ ಜೊತೆಯಾಗಿ, ಸಾಲು ಸಾಲಾಗಿ ಓದಿದೆವು. ಶಿವಾಜಿನಗರದಿಂದ ನಿಜಕ್ಕೂ ಒಂದು ವೈರಸ್ ಜೊತೆಗೆ ಬಂದಿತ್ತು, ಅದೊಂದನ್ನೇ ಅಳಿಸಿದೆವು. ಹೀಗೆ ಆಂಟಿವೈರಸ್ಸಿನ ಮರ್ಯಾದೆಯೂ ಉಳಿಯಿತು. ನಾನದನ್ನು ತೆಗೆದು ಹಾಕಲಿಲ್ಲ, ಕೇಳದೆ ಏನನ್ನೂ ಮಾಡಬೇಡವೆಂದು ತಿಳಿಹೇಳಿದೆನಷ್ಟೇ. ಆಮೇಲೆ ಯಂತ್ರ ಗಡಗಡ ಎಂದು ಶುರುವಾಯಿತು. ಸಂಜೆಯ ಹೊತ್ತಿಗೆ ಒಂದು ತೋಳಿನ ಮೇಲೆ ಮೊದಲ ಗೊಂಚಲು, ಸ್ವಲ್ಪ ವಾರೆಯಾಗಿಯೇ, ಮಾಗಿತ್ತು.

ಭಾನುವಾರ ಮದುವೆಮನೆಯಲ್ಲಿ ಪವಿತ್ರಾಳ ಅಜ್ಜಿ, ಆ ತೋಟದಲ್ಲಿ ಕಾಯಿ ಬಿಡಿಸಿದ ಕೈಯಿಂದಲೇ, ಮೊಮ್ಮಗಳ ತೋಳು ಸವರಿ, ‘ನಮ್ ಚಪ್ಪರದ್ ಬಳ್ಳೀನೇ ಕಣವ್ವ ಇದು’ ಎಂದರು. ಮುನಿಲಕ್ಷ್ಮಮ್ಮ ಅಮ್ಮನ ಕೈ ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ನಾನು ಎರಡು ಸಲ ಹೋಳಿಗೆ ಹಾಕಿಸಿಕೊಂಡೆ. ಪಕ್ಕದಲ್ಲಿ ಕುಳಿತವರು ಹುಟ್ಟಿದ ದಿನ ಯಾವುದೆಂದು ಕೇಳಿದಾಗ, ತಿಂಗಳನ್ನಂತೂ ಹೇಳಿದೆ.

ಈಗ ಶಿವಾಜಿನಗರಕ್ಕೆ ಎರಡು ಪೆನ್‌ಡ್ರೈವ್ ಹೋಗುತ್ತವೆ. ಎರಡನೆಯದರಲ್ಲಿ ನಾನು ಯಾರಿಗೂ ತೋರಿಸದ ಬರಹಗಳಿವೆ, ಇದೂ ಸೇರಿದಂತೆ. ನಸೀಮಾ ಆಂಟಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಬೀಗ ಯಾವ ಅಂಗಡಿಯಲ್ಲಿ ಸಿಗುತ್ತದೆ? ಮೂಲೆಯ ಹಳದಿ ಚೌಕ ಈಗಲೂ ಆಗಾಗ ಬೆಳಿಗ್ಗೆ ಮೂಡುತ್ತದೆ: ‘ಅಪರಿಚಿತ ಕಡತ ಕಂಡುಬಂದಿದೆ. ಏನು ಮಾಡಲಿ?’ ನಾನು ಮೌಸಿನಿಂದ ಕೈ ತೆಗೆದು, ಅಡುಗೆಮನೆಯ ಕಡೆ ತಿರುಗಿ ಕೂಗುತ್ತೇನೆ.

‘ಅಮ್ಮಾ, ಯಾರೋ ಬಂದಿದಾರೆ ನೋಡು. ನಿನ್ನ ಕಡೆಯವರಾ?’