ಕಾರಿನ ಹೊಟ್ಟೆಗೆ ಹಚ್ಚಿದ ಬಣ್ಣ

ವಸಂತ ಕಾಕಾ ಎಂದರೆ ನನ್ನ ಕಣ್ಣ ಮುಂದೆ ಮೊದಲು ಬರುವುದು ಎರಡು ಅಂಗಾಲು. ಸೋಲಾಪುರದ ಅವರ ಮನೆಗೆ ಯಾವಾಗ ಹೋದರೂ ಅಂಗಳದಲ್ಲಿದ್ದ ಹಳೆಯ ಫಿಯಟ್ ಕಾರಿನ ಕೆಳಗಿನಿಂದ ಆ ಅಂಗಾಲುಗಳೇ ಮಾತಾಡಿಸುತ್ತಿದ್ದವು. “ಯಾರು, ತಮ್ಮ ಏನು? ಬಾ, ಕೂಡು. ಕಾಕು ಚಹಾ ಮಾಡ್ತಾಳ.” ಮುಖ ಹೊರಗೆ ಬರುತ್ತಿದ್ದುದು ಚಹಾ ಬಂದ ಮೇಲೆಯೇ.

ಕಾಕಾ ನನ್ನ ತಂದೆಯ ತಮ್ಮ, ಗುಮಾಸ್ತಿಕೆಯಿಂದ ನಿವೃತ್ತರಾದವರು. ಯಾವುದನ್ನೂ ಬೇಗ ಮುಗಿಸಿದವರಲ್ಲ. ಒಂದು ಅಂಗಿ ಬಟ್ಟೆಗೆ ನವಿ ಪೇಠದ ಅಂಗಡಿಗಳನ್ನೆಲ್ಲ ಹತ್ತಿ ಇಳಿದು ಮತ್ತೆ ಮೊದಲಿನ ಅಂಗಡಿಗೇ ಬರುವರು. ಅಲ್ಲಿಯವರು ಆ ಬಟ್ಟೆಯನ್ನು ಆಗಲೇ ಎತ್ತಿಟ್ಟಿರುತ್ತಿದ್ದರು.

ಕಾರು ಅವರ ಹೆಂಡತಿ, ನಮ್ಮ ಕಾಕುವಿನ ತವರಿನದು. ಅಕ್ಕಲಕೋಟೆಯಿಂದ ಮದುವೆಯಾಗಿ ಆಕೆ ಬಂದದ್ದು ಅದರಲ್ಲೇ. ಆಮೇಲೆ ಬಹಳ ವರ್ಷ ತವರಿನ ದನದ ಕೊಟ್ಟಿಗೆಯಲ್ಲಿ ನಿಂತಿದ್ದ ಅದನ್ನು ಕಾಕಾ ಎಳೆಸಿಕೊಂಡು ತಂದು ಎಂಜಿನ್ ಶುರು ಮಾಡಿದ್ದರು. ತುಕ್ಕು ಹಿಡಿದ ತಳಭಾಗವೊಂದು ಉಳಿದಿತ್ತು. ಅಷ್ಟರಲ್ಲಿ ಕಾಕುವಿಗೆ ಕ್ಯಾನ್ಸರ್ ಎಂದು ತಿಳಿಯಿತು. ಬೇಸಿಗೆ ದಾಟುವುದು ಕಷ್ಟ ಎಂದರು ಡಾಕ್ಟರು. ಅದೇ ಕಾರಿನಲ್ಲಿ ಒಮ್ಮೆ ತವರಿಗೆ ಹೋಗಬೇಕು ಎಂದಳು ಕಾಕು. ಬೇರೇನೂ ಕೇಳಲಿಲ್ಲ.

ಡಾಂಬರಿನಂಥ ಕರೀ ಬಣ್ಣ ಬಳಿದು ಒಂದೇ ದಿನದಲ್ಲಿ ಕೊಡುತ್ತೇನೆ ಎಂದ ಗ್ಯಾರೇಜಿನವನು. ಕಾಕಾ ಒಪ್ಪಲಿಲ್ಲ.

“ತುಕ್ಕಿನ ಮ್ಯಾಲ ಕರೀ ಬಣ್ಣ ಬಳದ್ರ ಕಣ್ಣಿಗಷ್ಟ ಛಂದ. ಒಳಗ ತಿನ್ನೂದು ಬಿಡ್ತದೇನು? ಹತ್ತು ವರ್ಷ ತಡಿಯೂವಂಥಾದ್ದು ಬೇಕು.”

ತಂತಿ ಬ್ರಷ್ಷಿನಿಂದ ತುಕ್ಕೆಲ್ಲ ಕೆರೆಯಬೇಕು, ಪ್ರೈಮರ್ ಹಚ್ಚಬೇಕು, ಒಣಗಬೇಕು, ಮೇಲೆ ರಬ್ಬರಿನ ಲೇಪವನ್ನು ತೆಳ್ಳಗೆ ಪದರು ಪದರಾಗಿ ಹಚ್ಚಬೇಕು. ಕಟ್ಟೆಯ ಮೇಲೆ ಕೂತಿದ್ದ ಕಾಕು ನಕ್ಕಳು. “ಅಲ್ರಿ, ನನಗ ಹತ್ತು ವರ್ಷ ಎಲ್ಲಿ ಅದ? ಆ ಕರೀದನ್ನ ಬಳದು ನಡೀರಿ.”

“ಗಪ್ ಕೂಡು ನೀ. ಗಡಬಡ ಮಾಡಿದ್ರ ಕೆಲಸ ಕೆಡ್ತದ.”

ಒಂದು ದಿನದ ಬಣ್ಣಕ್ಕೆ ಒಪ್ಪಿದರೆ ಡಾಕ್ಟರ ಮಾತಿಗೂ ಒಪ್ಪಿದಂತೆ ಎಂದು ಅವರಿಗೆ ಅನಿಸಿರಬೇಕು. ನಾನೂ ಒಂದು ಬ್ರಷ್ಷು ತೆಗೆದುಕೊಂಡೆ.

ಕೊನೆಗೂ ಕೆಲಸ ಮುಗಿಯಿತು. ಗುರುವಾರ ಅಕ್ಕಲಕೋಟೆಗೆ ಹೊರಡುವುದೆಂದಾಯಿತು. ಕಾಕು ಸೀರೆ ಇಸ್ತ್ರಿ ಮಾಡಿಸಿದಳು. ಹಿಂದಿನ ದಿನ ಕಾಕಾ ಕಾರಿನ ಕೆಳಗೆ ಅಂಗೈ ಆಡಿಸುತ್ತಿದ್ದಾಗ ಗಾಲಿಯ ಹತ್ತಿರ ಲೇಪ ಬೊಕ್ಕೆ ಎದ್ದದ್ದು ಸಿಕ್ಕಿತು. “ಒಳಗ ಪಸಿ ಉಳದದ,” ಎಂದು ಆ ಬದಿಯನ್ನೆಲ್ಲ ಕೆರೆದು ತೆಗೆದರು. “ಮುಂದಿನ ಗುರುವಾರ ಹೋಗೂಣು.” ಕಾಕು ಸೀರೆ ಒಳಗಿಟ್ಟಳು.

ಭಾನುವಾರ ಆಕೆ ತೀರಿಕೊಂಡಳು. ನನಗೆ ಅಳು ಬರಲಿಲ್ಲ. ಕಾಕಾನಿಗೂ ಬರಲಿಲ್ಲ. ಬಂದವರಿಗೆ ಕುರ್ಚಿ ಹಾಕಿದೆವು, ನೀರು ಕೊಟ್ಟೆವು.

ದಿನಕರ್ಮಗಳಾದ ಮೇಲೆ ಕಾಕಾ ಆ ಬದಿಯ ಕೆಲಸವನ್ನೂ ಪೂರ್ತಿ ಮಾಡಿದರು. ಮಳೆ ಶುರುವಾದಾಗ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕಾರನ್ನು ಅಕ್ಕಲಕೋಟೆಗೆ ಒಯ್ದರು, ಕಾಕುವಿನ ತಮ್ಮನಿಗೆ ಒಪ್ಪಿಸಲು. ರಸ್ತೆಯ ನೀರು ತಳಕ್ಕೆ ಚಿಮ್ಮುತ್ತಿದ್ದರೂ ಒಳಗೆ ಸಪ್ಪಳವಿರಲಿಲ್ಲ. ಕಾಕುವಿನ ತಮ್ಮ ಬಗ್ಗಿ ನೋಡಿ ಭಾವನಿಗೆ, “ಏನ ಪಕ್ಕಾ ಕೆಲಸ ಮಾಡೀರಿ ದಾಜಿ! ಹತ್ತು ವರ್ಷ ಚಿಂತಿ ಇಲ್ಲ,” ಎಂದ. ಕಾಕಾ ಕೀಲಿಕೈ ಕೊಟ್ಟರು.

ಬಸ್ಸಿನಲ್ಲಿ ಮರಳಿದೆವು. ಅದೇ ನಮ್ಮ ಕೊನೆಯ ಭೇಟಿ; ಚಳಿಗಾಲದಲ್ಲಿ ಕಾಕಾನೂ ಹೋದರು. ಸೋಲಾಪುರ ಬರುವವರೆಗೆ ಅವರು ಆಡಿದ್ದು ಒಂದೇ ಮಾತು.

“ತಮ್ಮಾ, ಆಕೀಗಿ ಕರೀ ಬಣ್ಣನ ಸಾಕಾಗ್ತಿತ್ತು.”

ನಾನು ಹೂಂ ಎಂದೆ.