ಕಾಲುವೆ ದಂಡೆಯಲ್ಲಿ ಕಲ್ಲಿನ ಚೀಲ

ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ದಿನಗಟ್ಟಲೆ ನಡೆಯುವ ಚಾರಣಕ್ಕೆ ಹೊರಡುವವನಿದ್ದೆ. ಹೊರೆ ಹೊತ್ತು ರೂಢಿಯಾಗಲೆಂದು ಬೆನ್ನಚೀಲಕ್ಕೆ ಕಲ್ಲು ತುಂಬಿಕೊಂಡು ಸಿಂಧನೂರಿನಿಂದ ಗೊರೇಬಾಳದ ಕಡೆ ಕಾಲುವೆ ದಂಡೆ ಹಿಡಿದೆ. ಎಂಬತ್ತರ ದಶಕ, ನಮ್ಮ ಕಡೆ ಚಾರಣವೆಂಬ ಮಾತನ್ನೇ ಯಾರೂ ಕೇಳಿರಲಿಲ್ಲ.

ಗದ್ದೆಗೆ ನೀರು ಬಿಡುತ್ತಿದ್ದ ಹಿರಿಯರೊಬ್ಬರು ತಡೆದರು.

"ಚೀಲದಾಗ ಏನೈತಿ ತಮ್ಮಾ?"

"ಕಲ್ಲು ರೀ."

"ಎಲ್ಲಿಗೆ ಹೊಂಟಿ?"

"ಎಲ್ಲಿಗೂ ಇಲ್ಲರೀ. ಸುಮ್ನ ಹಿಂಗ, ಕಾಲುವಿಗುಂಟ."

ಅವರು ತುಂಬಿ ಹರಿಯುತ್ತಿದ್ದ ಕಾಲುವೆಯನ್ನು ನೋಡಿದರು, ನನ್ನನ್ನು ನೋಡಿದರು. ಸಲಿಕೆ ಕೆಳಗಿಟ್ಟು ಮೆಲ್ಲಗೆ ನನ್ನ ರಟ್ಟೆ ಹಿಡಿದರು.

"ಜೀವ ದೊಡ್ಡದಪಾ. ಮೊದ್ಲ ರೊಟ್ಟಿ ತಿನ್ನು."

ಚಾರಣದ ವಿಷಯ ಬಿಡಿಸಿ ಹೇಳಿದೆ.

"ಬಸ್ ಬಿಟ್ಟು ಕಾಡಿನಾಗ ಯಾರರ ಸುಮ್ನ ನಡೀತಾರೇನು? ಸುಳ್ಳರ ಚಂದಂಗ ಹೇಳು," ಎಂದರು.

ರೊಟ್ಟಿಯ ಜೊತೆಗಿದ್ದ ಕೆಂಪು ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಅವರ ಅನುಮಾನ ಖಾತ್ರಿಯಾಯಿತು.

ಕಲ್ಲನ್ನೆಲ್ಲ ಸುರಿಸಿ, ಸೈಕಲ್ ಮೇಲೆ ಕೂರಿಸಿಕೊಂಡು ಮನೆತನಕ ಬಂದರು. ಬಾಗಿಲಿಗೆ ಬಂದ ನನ್ನ ಹೆಂಡತಿಗೆ, "ಇವನ್ನ ಒಬ್ಬನ್ನ ಬಿಡಬ್ಯಾಡವಾ," ಎಂದು ಓಣಿಗೆಲ್ಲ ಕೇಳುವಂತೆ ಹೇಳಿ ಹೋದರು.

ಮರುದಿನದಿಂದ ನಾನು ಚೀಲ ಹೊತ್ತರೆ ಸಾಕು, ಓಣಿಯ ಇಬ್ಬರು ಹಿಂದೆಯೇ ನಡೆದು ಬರುತ್ತಿದ್ದರು. ನಾನು ಕಾಡಿಗೆ ಹೊರಡುವ ಹೊತ್ತಿಗೆ ಅವರ ಕಾಲುಗಳೂ ಗಟ್ಟಿಯಾಗಿದ್ದವು.