ಕಡ್ಡಿ ಕೇಳಿದರೆ ಕಡ್ಡಿಯೇ ಬಂತು

ಬೆಳಗಿನ ಆರೂವರೆ. ಬ್ಯಾಡಗಿ ದಾರಿಯ ಹಳೆ ಕಲ್ಲುಕ್ವಾರಿಗೆ ಬಿಸಿಲು ಇನ್ನೂ ಇಳಿದಿಲ್ಲ. ಒಂದು ತುದಿಯಲ್ಲಿ ರೈಫಲ್ ಕ್ಲಬ್ಬಿನ ಸದಸ್ಯರು ಚಾಪೆ ಹಾಸಿಕೊಂಡು ಚಹಾ ಹೀರುತ್ತಿದ್ದಾರೆ. ಮುನ್ನೂರು ಮೀಟರ್ ಆಚೆ, ಮಣ್ಣಿನ ದಿಬ್ಬದ ಹಿಂದಿನ ಆಳುದ್ದ ತಗ್ಗಿನಲ್ಲಿ, ನೀಲಗಂಗವ್ವ ಸೆರಗು ಸೊಂಟಕ್ಕೆ ಸಿಗಿಸಿ ಮೈದಾಹಿಟ್ಟಿನ ಅಂಟು ಕಲಸುತ್ತಿದ್ದಾರೆ. ಗುರಿಹಲಗೆ ಅವರ ತಲೆಯ ಮೇಲಿದೆ. ಗುಂಡು ಹಾರಿದ ಮೇಲೆ ಹಗ್ಗ ಎಳೆದು ಹಲಗೆ ಇಳಿಸಬೇಕು, ತೂತು ಎಲ್ಲಿ ಬಿತ್ತೆಂದು ಫೋನಿನಲ್ಲಿ ಹೇಳಬೇಕು, ಕಾಗದದ ಚೂರು ಅಂಟಿಸಿ ಮತ್ತೆ ಏರಿಸಬೇಕು.

ಐದು ಗುಂಡಿನ ತೂತು ಹೇಳಿ ಮುಗಿಸುವಷ್ಟರಲ್ಲಿ ಮೇಲಿನಿಂದ ಫೋನು ಬಂತು. ರಾಣೇಬೆನ್ನೂರಿನ ಬೀಜದ ವ್ಯಾಪಾರಿ ಶೇಖಪ್ಪನವರು. “ನೀಲಗಂಗವ್ವಾ, ಹಲಗಿ ಸೊಟ್ಟ ನಿಲ್ಲಿಸಿದಿ ನೋಡು!”

“ಹಲಗಿ ನೆಟ್ಟಗ ಐತ್ರಿ ಸಾವ್ಕಾರ್ರ. ಗಾಳಿ ಎಡಕ್ಕ ಹೊಡ್ಯಾಕತ್ತೈತಿ, ನೀವು ನೋಡವಲ್ರಿ,” ಎಂದು ಇವರು ಫೋನು ಇಡುತ್ತಾರೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇಲ್ಲಿ ನೆಲದ ಸರದಿ ಮುಗಿದು ಹಲಗೆಯ ಸರದಿ ಬಂದಿದೆ, ಅಷ್ಟೇ.

ನೀಲಗಂಗವ್ವನಿಗೆ ಐವತ್ತನಾಲ್ಕು. ಗಂಡ ಮೈಲೇಶ ಇಲ್ಲಿ ಈ ಕೆಲಸದಲ್ಲಿದ್ದ. ಸೊಂಟ ಹಿಡಿದು ಅವನು ಮನೆಯಲ್ಲಿ ಕುಳಿತ ಮೇಲೆ, ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ತಗ್ಗಿಗೆ ಇಳಿಯುವವರು ಇವರು. ಉಳಿದ ದಿನ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಆರಿಸುತ್ತಾರೆ. ಒಂದು ಭಾನುವಾರಕ್ಕೆ ಸುಮಾರು ಮುನ್ನೂರು ತೂತು ಮುಚ್ಚುತ್ತಾರೆ, ಎಪ್ಪತ್ತು ಸಲ ಹಗ್ಗ ಎಳೆಯುತ್ತಾರೆ. ಬಲಭುಜ ಊದಿಕೊಂಡಿದೆ, ಎಡಗಿವಿ ಮಂದ. ಮೇಲಿನವರಿಗೆ ಕಿವಿಗೆ ಹಾಕಿಕೊಳ್ಳುವ ಒಳ್ಳೆಯ ಮುಚ್ಚಳಗಳಿವೆ, ಇವರಿಗೆ ಹತ್ತಿ. ಇದನ್ನು ಕೇಳಿ ನಮಗೇ ಸಿಟ್ಟು ಬಂತು. ಅವರು ಮಾತ್ರ, “ಹತ್ತಿ ಹಾವೇರಿದ ಐತ್ರಿ, ಛಲೋ ಹತ್ತಿ,” ಎಂದು ನಕ್ಕುಬಿಟ್ಟರು.

ಅವರ ಸಿಟ್ಟು ಬೇರೆ ಕಡೆ ಇದೆ. ಕ್ಲಬ್ಬಿನಲ್ಲಿ ದೂರದ ಗುರಿಗೆಂದು ಎರಡು ಬಗೆಯ ಕಾಡತೂಸುಗಳಿವೆ. ಒಂದರ ಗುಂಡು ಗಿಡ್ಡ, ಹಗುರ. ಬಲು ವೇಗವಾಗಿ ಹೊರಡುತ್ತದೆ. ಇನ್ನೊಂದರದು ಉದ್ದ, ಭಾರ. ಹೊರಡುವಾಗ ತುಸು ನಿಧಾನ. ಯಾವುದು ಮೇಲು ಎಂದು ವೀಡಿಯೊ ನೋಡಿಕೊಂಡು ಬಂದವರೆಲ್ಲ ಜಗಳವಾಡುತ್ತಾರೆ. ತೂತು ನೋಡಿದವಳನ್ನು ಮಾತ್ರ ಯಾರೂ ಕೇಳುವುದಿಲ್ಲ.

“ನೂರು ಮೀಟರಿಗೆ ಎರಡೂ ಅಷ್ಟ ರೀ. ಮುನ್ನೂರಕ್ಕ ಬಂದಾಗ ಖರೇ ಬಣ್ಣ ಬಯಲಾಗತೈತಿ. ಗಾಳಿ ಇದ್ದ ದಿನ ಗಿಡ್ಡಂದು ಒಂದು ಗೇಣು ಚದರತೈತಿ. ಉದ್ದಂದು ನಾಲ್ಕ ಬೆರಳಿನಾಗ ಕೂಡಿ ಬೀಳತೈತಿ. ಇವರು ಗುಂಡಿಂದ ಮಾತಾಡ್ತಾರ. ಗುಂಡಲ್ರಿ, ತೂತಿನ ಗುಂಪು ನೋಡ್ರಿ ಅಂತ ಬಡಕೊಂಡೆ.”

ಈ ಎರಡಕ್ಕೂ ಅವರು ಪೇಟೆಯ ಹೆಸರನ್ನೇ ಇಟ್ಟಿದ್ದಾರೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಗಿಡ್ಡಗೆ ದುಂಡಗಿನದು ಡಬ್ಬಿ, ಸಣ್ಣಗೆ ಉದ್ದನೆಯದು ಕಡ್ಡಿ. ಕಾಡತೂಸೂ ಹಾಗೇ. ಹನ್ನೊಂದು ವರ್ಷದ ಅವರ ನೋಟ್‌ಬುಕ್ಕಿನಲ್ಲಿ ತಾರೀಖು, ಗಾಳಿ, ಡಬ್ಬಿ ಎಷ್ಟು ಅಗಲ, ಕಡ್ಡಿ ಎಷ್ಟು ಅಗಲ ಎಂದೆಲ್ಲ ಬರೆದಿದೆ.

ಎಡವಟ್ಟಾದದ್ದು ಇಲ್ಲೇ. ಕ್ಲಬ್ಬಿನ ಹೊಸ ಕಾರ್ಯದರ್ಶಿ ಸುಶ್ರುತ ಮೈಸೂರಿನಲ್ಲಿ ಬೆಳೆದು, ಬ್ಯಾಂಕಿನ ಕೆಲಸಕ್ಕೆಂದು ಹಾವೇರಿಗೆ ಬಂದ ಸಂಭಾವಿತ. ರಾಜ್ಯ ಸ್ಪರ್ಧೆ ಹತ್ತಿರ ಬಂದಿತ್ತು. ಏನು ತರಿಸಬೇಕೆಂದು ಹನ್ನೊಂದು ವರ್ಷದಲ್ಲಿ ಮೊದಲ ಸಲ ನೀಲಗಂಗವ್ವನನ್ನು ಕೇಳಿದವರೂ ಅವರೇ. ಆ ಪುಣ್ಯ ಅವರಿಗಿರಲಿ. ಇವರು ಚೀಟಿ ಬರೆದುಕೊಟ್ಟರು: ‘ಮುನ್ನೂರಕ್ಕ ಕಡ್ಡಿ ತರಸ್ರಿ. ಡಬ್ಬಿ ಬ್ಯಾಡ.’

ಮೂರು ವಾರದ ಮೇಲೆ ಗೋಣಿಚೀಲವೊಂದು ಬಂತು. ಬಿಚ್ಚಿದರೆ ರೈಫಲ್ಲಿನ ನಳಿಗೆ ಒರೆಸುವ ಕಬ್ಬಿಣದ ಕಡ್ಡಿಗಳು, ಒಂದು ಡಜನ್! ಡಬ್ಬಿ ಬೇಡ ಎಂದದ್ದಕ್ಕೆ ಪೆಟ್ಟಿಗೆಯಿಲ್ಲದೆ, ಸುತಳಿ ಕಟ್ಟಿ ಕಳಿಸಿದ್ದಾರೆ.

“ನಾನು ಅಲ್ಲೇ ಕುಂತುಬಿಟ್ಟೆ ರೀ,” ಎನ್ನುತ್ತಾರೆ ನೀಲಗಂಗವ್ವ. “ನಗಬೇಕೋ ಅಳಬೇಕೋ ತಿಳೀಲಿಲ್ಲ. ಬ್ಯಾಡಗಿಯೊಳಗ ನಿಂತು ಕಡ್ಡಿ ಅಂದ್ರ ಏನಂತ ಗೊತ್ತಿಲ್ಲದ ಮನಷ್ಯಾನ ನಾ ಕಂಡಿರಲಿಲ್ಲ.”

ಹೊಸ ಕಾಡತೂಸು ಬರಲು ಕಾಗದಪತ್ರದ ಕೆಲಸವೇ ಒಂದು ತಿಂಗಳು. ಸ್ಪರ್ಧೆಗೆ ಉಳಿದದ್ದು ಹನ್ನೆರಡು ದಿನ. ಉಗ್ರಾಣದಲ್ಲಿದ್ದ ಕಡ್ಡಿ ಎಂಬತ್ತೇ ಎಂಬತ್ತು. ಅದು ಒಬ್ಬರಿಗೆ ಮಾತ್ರ ಸಾಕು: ಸ್ಪರ್ಧೆಯ ಅರವತ್ತು ಗುಂಡು, ಅದಕ್ಕೆ ಮೊದಲು ಗುರಿ ಸರಿಪಡಿಸಿಕೊಳ್ಳಲು ಹದಿನೈದು. ಹೋಗುವವರು ಇಬ್ಬರು. ಒಬ್ಬರು ಶೇಖಪ್ಪನವರು. ಇನ್ನೊಬ್ಬಳು ಬೇನಜೀರ, ಗುತ್ತಲದ ಹೈಸ್ಕೂಲಿನ ಗಣಿತದ ಟೀಚರು, ಕ್ಲಬ್ಬಿನಿಂದ ಪದಕ ತರಬಲ್ಲ ಒಂದೇ ಕೈ. ಸಮಿತಿಯವರು ಹೂವು ಹಂಚಿದಂತೆ ನಲವತ್ತು ನಲವತ್ತು ಎಂದು ತೀರ್ಮಾನಿಸಿದರು. ಅರ್ಧ ಕಡ್ಡಿ, ಅರ್ಧ ಡಬ್ಬಿ ಹೊಡೆದರೆ ನಡುವೆ ಗುರಿಯೇ ಬದಲಾಗುತ್ತದೆ, ಇಬ್ಬರೂ ಕೆಡುತ್ತಾರೆ ಎಂದು ನೀಲಗಂಗವ್ವ ಹೇಳಿದರೆ, “ಲಿಖಿತ ವರದಿ ಇದೆಯಾ?” ಎಂಬ ಪ್ರಶ್ನೆ ಬಂತು. ನೋಟ್‌ಬುಕ್ಕು ತೋರಿಸಿದರೆ ಅದು ವರದಿಯಲ್ಲವಂತೆ.

“ನನಗೂ ಸಾಕಾಗಿತ್ರಿ. ಹಂಗಾರ ಪರೀಕ್ಷಾ ಮಾಡ್ರಿ ಅಂದೆ. ಉಳದ ಐದು ಕಡ್ಡಿ ಅದಾವಲ್ಲ, ಅವನ್ನ ಹೊಡೀರಿ. ಡಬ್ಬಿ ಐದು ಹೊಡೀರಿ. ಯಾವುದು ಮೊದಲು ಅಂತ ನನಗ ಹೇಳಬ್ಯಾಡ್ರಿ. ಶೇಖಪ್ಪ ಸಾವ್ಕಾರ್ರ ಹೊಡೀಲಿ.”

ಆ ಪರೀಕ್ಷೆ ಇವತ್ತು, ಈಗ. ಗಾಳಿ ಚೆನ್ನಾಗಿಯೇ ಎದ್ದಿದೆ. ಬೆಳಗಿನ ಆ ಐದು ಗುಂಡುಗಳೇ ಮೊದಲ ಕಂತು. ಅದರ ಹಾಳೆ ತೆಗೆದು ಹೊಸದು ಹಚ್ಚಿ ಹಲಗೆ ಏರಿಸುತ್ತಾರೆ. ಮೇಲಿನಿಂದ ಮತ್ತೆ ಐದು ಢಂಢಂ. ಹಲಗೆ ಇಳಿಯುತ್ತದೆ. ನೀಲಗಂಗವ್ವ ತೂತುಗಳ ಮೇಲೆ ಅಂಗೈ ಇಟ್ಟು, ಬೆರಳಿನಿಂದ ಅಳೆದು, ಫೋನು ಎತ್ತುತ್ತಾರೆ. “ಮೊದಲಿಂದು ಒಂದು ಗೇಣು, ಡಬ್ಬಿ. ಈಗಿಂದು ನಾಲ್ಕ ಬೆರಳು, ಕಡ್ಡಿ.”

ಆಚೆಯಿಂದ ಶೇಖಪ್ಪನವರ ದನಿ: “ಖರೇ ಐತಿ ಬಿಡವಾ. ನನ್ನ ಕೈಲೇ ನನಗ ಹೊಡಿಸಿದಿ. ಕಡ್ಡಿ ಎಲ್ಲಾ ಆ ಹುಡುಗಿಗೇ ಕೊಡ್ರಿ.”

ಹತ್ತು ನಿಮಿಷಕ್ಕೆ ಸುಶ್ರುತ ರಿಜಿಸ್ಟರು ಹಿಡಿದು, ಬೂಟಿಗೆ ಮಣ್ಣು ಮೆತ್ತಿಸಿಕೊಂಡು ತಗ್ಗಿಗೆ ಇಳಿಯುತ್ತಾರೆ. ಹಿಂದೆಯೇ ಬೇನಜೀರ. ಪರೀಕ್ಷಿಸಿದವರ ಸಹಿಯಿಲ್ಲದೆ ಎಪ್ಪತ್ತೈದು ಕಾಡತೂಸು ಉಗ್ರಾಣದಿಂದ ಹೊರಬರುವಂತಿಲ್ಲ. “ಈ ಸಲ ನಿಮ್ಮ ಹೆಸರೇ ಬರೆದಿದ್ದೀನಿ, ಸಹಿ ಹಾಕಿಬಿಡಿ,” ಎನ್ನುತ್ತಾರೆ ಸುಶ್ರುತ.

ನೀಲಗಂಗವ್ವ ಅಂಟಿನ ಕೈ ಒರೆಸಿಕೊಂಡು ಓದುತ್ತಾರೆ. ಪರೀಕ್ಷಿಸಿದವರು: ನೀಲಗಂಗಮ್ಮ.

ಹಣೆ ಹಣೆ ಬಡಿದುಕೊಳ್ಳುತ್ತಾರೆ. ಬೇನಜೀರ ದುಪಟ್ಟಾದಲ್ಲಿ ಬಾಯಿ ಮುಚ್ಚಿ ನಗುತ್ತಾಳೆ. ನೀಲಗಂಗವ್ವ ಸುಶ್ರುತರ ಕೈಯಿಂದ ಪೆನ್ನು ಕಸಿದು, ‘ಮ್ಮ’ ಹೊಡೆದುಹಾಕಿ, ಮೇಲೆ ದಪ್ಪಗೆ ‘ವ್ವ’ ಬರೆದು, ಆಮೇಲಷ್ಟೇ ಸಹಿ ಹಾಕುತ್ತಾರೆ.

“ಹನ್ನೊಂದು ವರ್ಷ ಹೆಸರ ಬರೀಲಿಲ್ಲ, ನಾ ಏನರ ಕೇಳಿದ್ನೇನ್ರಿ? ಈಗ ಬರೀತೀರಿ ಅಂದ್ರ, ನಮ್ಮವ್ವ ಇಟ್ಟ ಹೆಸರ ಬರೀರಿ.”